ಆಂಬಿಯೆಂಟ್, ಡ್ರೋನ್, ಎಲೆಕ್ಟ್ರಾನಿಕ್: ಹೊಸ ಆಲ್ಬಂಗಳಲ್ಲಿ ಯಾವುದಕ್ಕೆ ಕಿವಿಗೊಡುವುದು?

ಶುಕ್ರವಾರ ಬೆಳಗಾದರೆ ಹೊಸ ಆಲ್ಬಂಗಳ ರಾಶಿ ಬಂದು ಬಿದ್ದಿರುತ್ತದೆ. 2015ರ ಜುಲೈಯಿಂದ ಜಗತ್ತಿನ ಬಹುತೇಕ ಲೇಬಲ್‌ಗಳು ಬಿಡುಗಡೆಗೆ ಇದೇ ದಿನವನ್ನು ಹಿಡಿದಿವೆ. ಹಾಡುಗಳಿರುವ ಆಲ್ಬಂ ಆದರೆ ಆರಿಸುವುದು ಕಷ್ಟವಲ್ಲ. ಪಲ್ಲವಿ ಒಮ್ಮೆ ಕಿವಿಗೆ ಬಿದ್ದರೆ ಹಿಡಿಸಿತೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಆಂಬಿಯೆಂಟ್ (ವಾತಾವರಣದಂತೆ ಸುತ್ತ ಹರಡಿಕೊಳ್ಳುವ ಸಂಗೀತ), ಡ್ರೋನ್ (ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದಿಡುವ ಸಂಗೀತ), ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಪಲ್ಲವಿಯೇ ಇಲ್ಲ. ಇಪ್ಪತ್ತು ನಿಮಿಷದ ಟ್ರ್ಯಾಕ್‌ನ ಮೊದಲ ಅರ್ಧ ನಿಮಿಷದಲ್ಲಿ ಬರಿಯ ಒಂದು ಗುಂಯ್‌ಗುಡುವ ಸದ್ದು ಇದ್ದೀತು. ಹನ್ನೊಂದನೇ ನಿಮಿಷಕ್ಕೆ ಅದೇ ಸದ್ದು ಬೇರೆಯೇ ಆಗಿ ನಿಂತಿರುತ್ತದೆ.

'ಕೇಳು' ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ನಾವು ಸಂಗೀತ ಕೇಳುತ್ತೇವೆ. ಅದೂ ನಮ್ಮನ್ನು ಏನನ್ನೋ ಕೇಳುತ್ತದೆ. ಒಂದು ಆಲ್ಬಂ ಒಂದು ಗಂಟೆಯ ಬಿಡುವು ಕೇಳಿದರೆ ಇನ್ನೊಂದು ಒಳ್ಳೆಯ ಸ್ಪೀಕರ್ ಕೇಳುತ್ತದೆ. ಮತ್ತೊಂದಕ್ಕೆ ನಮ್ಮ ಗಮನದ ಒಂದು ಮೂಲೆ ಸಿಕ್ಕರೆ ಸಾಕು. ಹೊಸದನ್ನು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಇದು ನನ್ನಿಂದ ಏನು ಕೇಳುತ್ತಿದೆ, ಅದನ್ನು ಕೊಡುವ ಸ್ಥಿತಿಯಲ್ಲಿ ನಾನು ಇವತ್ತು ಇದ್ದೇನೆಯೇ? ಪ್ರಕಾರದ ಹೆಸರು ಆಮೇಲೆ. 'ಆಂಬಿಯೆಂಟ್' ಎಂಬ ಚೀಟಿ ಅಂಟಿಸಿಕೊಂಡ ಎರಡು ಆಲ್ಬಂಗಳ ನಡುವೆ ಆಕಾಶ ಭೂಮಿಯ ಅಂತರ ಇರಬಹುದು. ಹೀಗಾಗಿ ಕೆಳಗಿನ ಹೋಲಿಕೆಗಳನ್ನೆಲ್ಲ ಆ ಬೇಡಿಕೆಯ ಲೆಕ್ಕದಲ್ಲೇ ಮಾಡಿದ್ದೇನೆ.

ಹಿನ್ನೆಲೆಗೋ, ಎದುರಿಗೋ

ಇಂಗ್ಲೆಂಡಿನ ಸಂಗೀತಗಾರ ಬ್ರಿಯಾನ್ ಈನೊ 1978ರಲ್ಲಿ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ತಂದಾಗ ಆಂಬಿಯೆಂಟ್ ಸಂಗೀತಕ್ಕೆ ಒಂದು ಷರತ್ತು ಹಾಕಿದರು: ಗಮನ ಕೊಡದೆ ಬಿಟ್ಟರೂ ನಡೆಯಬೇಕು, ಕೊಟ್ಟು ಕೇಳಿದರೂ ಸ್ವಾರಸ್ಯ ಇರಬೇಕು. ಜನ ಮೊದಲ ಅರ್ಧವನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತರು ಅನ್ನಿಸುತ್ತದೆ. ಇವತ್ತು 'ನಿದ್ದೆಗೆ', 'ಓದಿಗೆ', 'ಧ್ಯಾನಕ್ಕೆ' ಎಂದು ಬರುವ ಪ್ಲೇಲಿಸ್ಟ್‌ಗಳಲ್ಲಿ ಹೆಚ್ಚಿನವು ಬಿಟ್ಟರೆ ನಡೆಯುತ್ತವೆ, ಗಮನ ಕೊಟ್ಟರೆ ಖಾಲಿ. ಹೊಸ ಆಂಬಿಯೆಂಟ್ ಆಲ್ಬಂ ಒಂದನ್ನು ಅಳೆಯಲು ಆ ಎರಡನೇ ಅರ್ಧವೇ ನನ್ನ ಅಳತೆಗೋಲು.

ಈನೊ ಮತ್ತು ಬೀಟಿ ವುಲ್ಫ್ 2025ರ ಜೂನ್‌ನಲ್ಲಿ ಒಂದೇ ದಿನ ಬಿಡುಗಡೆ ಮಾಡಿದ ಎರಡು ಆಲ್ಬಂಗಳು ಈ ಹೋಲಿಕೆಗೆ ಹೇಳಿ ಮಾಡಿಸಿದಂತಿವೆ. 'ಲೂಮಿನಲ್' ಹಾಡುಗಳ ಆಲ್ಬಂ, ವುಲ್ಫ್ ದನಿ ಮುಂದೆ ಇದೆ. 'ಲ್ಯಾಟರಲ್' ದನಿಯಿಲ್ಲದ ಒಂದೇ ದೀರ್ಘ ಕೃತಿ, ಭಾಗಭಾಗವಾಗಿ ಹರಿಯುತ್ತದೆ. ಈ ಲೋಕಕ್ಕೆ ಹೊಸಬರಾದವರು ಹಾಡಿದೆ ಎಂಬ ಕಾರಣಕ್ಕೆ 'ಲೂಮಿನಲ್'ನಿಂದ ಶುರುಮಾಡುವುದು ಸಹಜ. ನನ್ನ ಸಲಹೆ ತಿರುಗುಮುರುಗು. 'ಲ್ಯಾಟರಲ್' ಅನ್ನು ಒಂದು ಸಂಜೆ ಸಣ್ಣ ದನಿಯಲ್ಲಿ ಹಾಕಿ ನಿಮ್ಮ ಕೆಲಸ ಮಾಡಿಕೊಳ್ಳಿ. ಅದು ಕೇಳುವುದು ತೀರಾ ಕಡಿಮೆ. ಯಾವಾಗಲೋ ಒಮ್ಮೆ ಕೈ ನಿಂತು ಕಿವಿ ಅತ್ತ ತಿರುಗುತ್ತದಲ್ಲ, ಅಲ್ಲಿಂದ ನಿಜವಾದ ಕೇಳ್ಮೆ ಶುರು.

ಇದಕ್ಕೆ ಎದುರಾಗಿ ಟಿಮ್ ಹೆಕರ್ ಅವರ 'ನೋ ಹೈಸ್' (2023). ಮೇಲುನೋಟಕ್ಕೆ ಇದೂ ಆಂಬಿಯೆಂಟೇ. ಆದರೆ ಹಿತವಾಗಿ ಹಿಂದೆ ಸರಿದು ಕೂರುವ ಸಂಗೀತವಲ್ಲ, ಅಂಥದಕ್ಕೆ ಎದುರಾಡಲೆಂದೇ ಬಂದದ್ದು. ಮೋರ್ಸ್ ಸಂಕೇತದಂತೆ ಮಿಡಿಯುವ ಒಂದೇ ಸ್ವರ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ, ಅದರ ಸುತ್ತ ಕಾಲಿನ್ ಸ್ಟೆಟ್ಸನ್ ಅವರ ಸ್ಯಾಕ್ಸೊಫೋನ್ ಉಸಿರುಗಟ್ಟಿದಂತೆ ಸುಳಿಯುತ್ತದೆ. ಕೆಲಸದ ನಡುವೆ ಹಾಕಿಕೊಂಡರೆ ಕಾರಣ ತಿಳಿಯದ ಕಳವಳವೊಂದು ಮೈಗಂಟಿಕೊಳ್ಳುತ್ತದೆ. ಒಬ್ಬರೇ ಕೂತು, ಹೆಡ್‌ಫೋನ್ ಹಾಕಿ, ಪೂರ್ತಿ ಕೇಳಬೇಕಾದದ್ದು. ಮನಸ್ಸು ಮೊದಲೇ ಭಾರವಾಗಿದ್ದ ದಿನ ಬೇಡ.

ಒಂದೇ ಸ್ವರವನ್ನು ಗಂಟೆಗಟ್ಟಲೆ

ಡ್ರೋನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ನನಗೆ ಅತಿ ಪ್ರಿಯವಾದ ಪ್ರಕಾರ ಇದು, ಜನ ಅತಿ ಬೇಗ ಕೈಬಿಡುವುದೂ ಇದನ್ನೇ. 'ಏನೂ ಆಗುವುದೇ ಇಲ್ಲ' ಎಂಬುದು ಸಾಮಾನ್ಯ ದೂರು.

ಆಗುವುದು ಇಷ್ಟು. ಸೆಕೆಂಡಿಗೆ 110 ಬಾರಿ ಕಂಪಿಸುವ ಒಂದು ಸ್ವರ, 111 ಬಾರಿ ಕಂಪಿಸುವ ಇನ್ನೊಂದು ಸ್ವರ ಒಟ್ಟಿಗೆ ನುಡಿದರೆ ಅವೆರಡರ ಆಚೆ ಮೂರನೆಯದೊಂದು ಕೇಳಿಸುತ್ತದೆ: ಸೆಕೆಂಡಿಗೆ ಒಮ್ಮೆ ಉಬ್ಬಿ ಇಳಿಯುವ ಅಲೆ. ವ್ಯತ್ಯಾಸ ಅರ್ಧಕ್ಕೆ ಇಳಿದರೆ ಅಲೆ ಎರಡು ಸೆಕೆಂಡಿಗೊಮ್ಮೆ. ತಂಬೂರಿ ಶ್ರುತಿ ಮಾಡುವವರಿಗೆ ಇದು ಗೊತ್ತು. ತಂತಿ ಬಿಗಿಯುತ್ತಾ ಹೋದಂತೆ ಆ ನಡುಕ ನಿಧಾನವಾಗಿ, ಕೊನೆಗೆ ನಿಂತು, ಎರಡು ತಂತಿ ಒಂದಾದ ಕ್ಷಣ ಕಿವಿಗೇ ತಿಳಿಯುತ್ತದೆ. ಡ್ರೋನ್ ಸಂಗೀತ ಆ ಕ್ಷಣದ ಮುಂಚಿನ ನಡುಕದೊಳಗೆ ಗಂಟೆಗಟ್ಟಲೆ ವಾಸ ಮಾಡುತ್ತದೆ. ತಲೆಯನ್ನು ತುಸು ಎಡಕ್ಕೆ ವಾಲಿಸಿದರೂ ಕೋಣೆಯೊಳಗಿನ ಸದ್ದು ಬದಲಾಗುತ್ತದೆ. ಒಮ್ಮೆ ಮಾಡಿ ನೋಡಿ.

ಕಾಲಿ ಮಲೋನ್ ಅವರ ಎರಡು ಆಲ್ಬಂಗಳನ್ನು ಪಕ್ಕಪಕ್ಕ ಇಡೋಣ. 'ಡಸ್ ಸ್ಪ್ರಿಂಗ್ ಹೈಡ್ ಇಟ್ಸ್ ಜಾಯ್' (2023) ಮೂರು ಗಂಟೆಯದು. ಮಲೋನ್ ಅವರ ಸೈನ್ ತರಂಗಗಳು (ಒಂದೇ ಕಂಪನದ ಶುದ್ಧ ಎಲೆಕ್ಟ್ರಾನಿಕ್ ಸ್ವರಗಳು), ಸ್ಟೀಫನ್ ಒ'ಮ್ಯಾಲಿ ಗಿಟಾರ್, ಲೂಸಿ ರೇಲ್ಟನ್ ಚೆಲ್ಲೊ. ಒಂದೇ ಕೃತಿ, ತಲಾ ಒಂದು ಗಂಟೆಯ ಮೂರು ರೂಪ. 'ಆಲ್ ಲೈಫ್ ಲಾಂಗ್' (2024) ಸುಮಾರು 78 ನಿಮಿಷದ್ದು, ಅದರಲ್ಲಿ ಚಿಕ್ಕ ಚಿಕ್ಕ ಕೃತಿಗಳು, ಪೈಪ್ ಆರ್ಗನ್‌ಗೆ, ಗಾಯಕವೃಂದಕ್ಕೆ, ಹಿತ್ತಾಳೆ ವಾದ್ಯಗಳಿಗೆ ಬರೆದವು. ಶೀರ್ಷಿಕೆಯ ಕೃತಿ ಆರ್ಗನ್‌ನಲ್ಲೂ ಬರುತ್ತದೆ, ಮನುಷ್ಯರ ಕಂಠದಲ್ಲೂ ಬರುತ್ತದೆ. ಮೊದಲ ಸಲ ಡ್ರೋನ್ ಕೇಳುವವರಿಗೆ ನಾನು ಕಣ್ಣುಮುಚ್ಚಿ ಕೊಡುವುದು ಎರಡನೆಯದನ್ನು. ಕಾರಣ ಅದರ ಉದ್ದವಲ್ಲ. ಒಂದೇ ಸ್ವರಸಾಲು ಮೊದಲು ಲೋಹದ ಕೊಳವೆಯಿಂದ, ಆಮೇಲೆ ಗಂಟಲಿನಿಂದ ಬಂದಾಗ ಕಿವಿಗೆ ಹೋಲಿಸಲು ಏನೋ ಸಿಗುತ್ತದೆ. ಕೊಳವೆಗೆ ಗಾಳಿ ತುಂಬಿ ಸ್ವರ ಹುಟ್ಟುವ ಮುಂಚಿನ ಆ ಸಣ್ಣ 'ಫು' ಸದ್ದನ್ನು ಹಿಡಿಯಲು ಕಲಿತಿರೆಂದರೆ ಮೂರು ಗಂಟೆಯದಕ್ಕೆ ನೀವು ಸಿದ್ಧ. ಮೊದಲನೆಯದನ್ನೂ ಒಂದೇ ಸಲ ಮೂರು ಗಂಟೆ ಕೇಳಬೇಕೆಂದೇನಿಲ್ಲ. ಒಂದು ರೂಪ ಒಂದು ದಿನ, ಇನ್ನೊಂದು ಇನ್ನೊಂದು ದಿನ.

ಇವರ ಹಿಂದೆ ನಿಂತಿರುವ ದೊಡ್ಡ ಹೆಸರು ಎಲಿಯಾನ್ ರಾದಿಗ್. ಎಆರ್‌ಪಿ 2500 ಎಂಬ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಒಂದನ್ನೇ ಹಿಡಿದು, 1988ರಿಂದ 1993ರವರೆಗೆ ಅವರು ಕಟ್ಟಿದ ಮೂರು ಭಾಗದ 'ತ್ರಿಲೊಜಿ ದ ಲಾ ಮೋರ್' ಸುಮಾರು ಮೂರು ಗಂಟೆಯದು. ಹೊಸ ಡ್ರೋನ್ ಆಲ್ಬಂ ಒಂದು ಕೈಗೆ ಬಂದು, ಇದು ಆಳವೋ ಬರಿಯ ಉದ್ದವೋ ಎಂದು ಅನುಮಾನ ಬಂದಾಗ ನಾನು ರಾದಿಗ್‌ರ ಇಪ್ಪತ್ತು ನಿಮಿಷ ಕೇಳಿ ಮತ್ತೆ ಹೊಸದಕ್ಕೆ ಬರುತ್ತೇನೆ. ಅನುಮಾನ ಸಾಮಾನ್ಯವಾಗಿ ಬಗೆಹರಿಯುತ್ತದೆ.

ಡ್ರೋನ್ ಕಷ್ಟ, ಆದರೆ ರಾಗದ ಪರಿಚಯ ಇದೆ ಎನ್ನುವವರಿಗೆ ಅರುಷಿ ಜೈನ್ ಸುಲಭದ ಬಾಗಿಲು. ಮಾಡ್ಯುಲರ್ ಸಿಂಥ್‌ನಲ್ಲಿ (ಬಿಡಿ ಭಾಗಗಳನ್ನು ತಂತಿಗಳಿಂದ ಜೋಡಿಸುವ ಸಿಂಥಸೈಜರ್) ಹಿಂದೂಸ್ತಾನಿ ರಾಗಗಳನ್ನು ಹಿಡಿದು ಕೆಲಸ ಮಾಡುವವರು ಅವರು. 'ಅಂಡರ್ ದ ಲೈಲಾಕ್ ಸ್ಕೈ' (2021) ಸಂಜೆಯ ರಾಗಗಳದ್ದು, ಸೂರ್ಯ ಮುಳುಗುವ ಹೊತ್ತಿನಲ್ಲಿ ಕೇಳಲೆಂದು ಮಾಡಿದ್ದು. 'ಡಿಲೈಟ್' (2024) ಬಾಗೇಶ್ರೀ ರಾಗದ ಸುತ್ತ ಬೆಳೆದದ್ದು. ಎರಡರಲ್ಲಿ ಮೊದಲನೆಯದು ನಿಧಾನದ್ದು, ಹೆಚ್ಚು ಬಿಡುವು ಕೇಳುವಂಥದ್ದು. ಎರಡನೆಯದರಲ್ಲಿ ಉತ್ಸಾಹ ಜಾಸ್ತಿ, ತುಣುಕುಗಳು ಕುಣಿಯುತ್ತವೆ. ಆಲಾಪವನ್ನು ಎದುರು ನೋಡಿ ಕೂತರೆ 'ಡಿಲೈಟ್' ಬಗ್ಗೆ ನಿರಾಸೆಯಾದೀತು. ಇಲ್ಲಿ ರಾಗ ವಿಸ್ತಾರವಾಗುವುದಿಲ್ಲ, ಹೊಳೆದು ಮಾಯವಾಗುತ್ತದೆ.

ಬೀಟ್ ಬೇಕೆಂದರೆ

ಲಯವಿಲ್ಲದೆ ಆಗುವುದಿಲ್ಲ ಎನ್ನುವವರಿಗೆ ನಡುದಾರಿಯೊಂದಿದೆ. ಎಲೆಕ್ಟ್ರಾನಿಕ್ ಸಂಗೀತಗಾರ ಬಾರ್ಕರ್ 2019ರ 'ಯುಟಿಲಿಟಿ'ಯಲ್ಲಿ, ಕುಣಿತದ ಎಲೆಕ್ಟ್ರಾನಿಕ್ ಸಂಗೀತವಾದ ಟೆಕ್ನೊದ ಬೆನ್ನೆಲುಬಾದ ಕಿಕ್ ಡ್ರಮ್ಮನ್ನೇ ಬಹುಮಟ್ಟಿಗೆ ತೆಗೆದುಹಾಕಿದರು. ಸಿಂಥ್‌ಗಳ ಮಿಡಿತದಿಂದಲೇ ಕಾಲು ಲಯ ಹಿಡಿಯುತ್ತದೆ, ನೆಲಕ್ಕೆ ಬಡಿಯುವ ಪೆಟ್ಟು ಮಾತ್ರ ಇಲ್ಲ. 2025ರ 'ಸ್ಟೊಕಾಸ್ಟಿಕ್ ಡ್ರಿಫ್ಟ್'ನಲ್ಲಿ ಆ ಹಿಡಿತ ಇನ್ನೂ ಸಡಿಲಾಗಿದೆ. ಎರಡರಲ್ಲಿ ಒಂದೇ ಅಂದರೆ ಹಳೆಯದನ್ನೇ ಮೊದಲು ಕೇಳಿ. ಏನು ತೆಗೆದಿದ್ದಾರೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಎಲೆಕ್ಟ್ರಾನಿಕ್ ಸಂಗೀತದ ಆಟೆಕರ್ ಜೋಡಿಯ ವಿಷಯ ಬೇರೆ. 2018ರ 'ಎನ್‌ಟಿಎಸ್ ಸೆಷನ್ಸ್' ಎಂಟು ಗಂಟೆಯದು, ಅದರ ಕೊನೆಯ ಟ್ರ್ಯಾಕ್ ಒಂದೇ ಸುಮಾರು 58 ನಿಮಿಷ. ಅದು ಅಭಿಮಾನಿಗಳ ಬಿಡುವಿಗೆ. 2020ರ ಅಕ್ಟೋಬರ್‌ನಲ್ಲಿ ಎರಡು ವಾರದೊಳಗೆ ಬೆನ್ನುಬೆನ್ನಿಗೆ ಬಂದ 'ಸೈನ್' ಮತ್ತು 'ಪ್ಲಸ್' ಹೊಸಬರಿಗೆ ಹೆಚ್ಚು ಸಹ್ಯ. ಮಾಧುರ್ಯ ಬೇಕೆನ್ನುವವರಿಗೆ 'ಸೈನ್', ಗಂಟು ಬಿಡಿಸುವ ಖುಷಿ ಬೇಕೆನ್ನುವವರಿಗೆ 'ಪ್ಲಸ್'.

ಕಥೆಯೊಂದಿಗೆ ಬರುವ ಆಲ್ಬಂಗಳು

ಪ್ರಾಯೋಗಿಕ ಸಂಗೀತ ಬರುವಾಗಲೇ ಒಂದು ಬರಹವನ್ನು ಜೊತೆಗೆ ತರುತ್ತದೆ: ಎಲ್ಲಿ ಧ್ವನಿಮುದ್ರಿಸಿದ್ದು, ಯಾವ ವಿಧಾನ, ಯಾವ ವಿಚಾರ. ಅದನ್ನು ಮೊದಲೇ ಓದಬೇಕೋ ಆಮೇಲೋ? ನಾನು ಆಮೇಲೆ ಓದುವ ಪಕ್ಷ, ಅದಕ್ಕೆ ಕಾರಣ ವಿಲಿಯಂ ಬಸಿನ್ಸ್ಕಿ.

'ದ ಡಿಸ್‌ಇಂಟಿಗ್ರೇಷನ್ ಲೂಪ್ಸ್' ಕಥೆ ಈ ವಲಯದಲ್ಲಿ ಎಲ್ಲರಿಗೂ ಗೊತ್ತು. 1980ರ ದಶಕದ ಆರಂಭದಲ್ಲಿ ಮಾಡಿಟ್ಟ ಟೇಪ್ ಲೂಪ್‌ಗಳನ್ನು (ತುದಿಗಳನ್ನು ಅಂಟಿಸಿ ಮತ್ತೆ ಮತ್ತೆ ಸುತ್ತುವಂತೆ ಮಾಡಿದ ಟೇಪಿನ ತುಣುಕುಗಳು) ಬಸಿನ್ಸ್ಕಿ 2001ರಲ್ಲಿ ಡಿಜಿಟಲ್‌ಗೆ ಇಳಿಸಲು ಕೂತರು. ಟೇಪು ಯಂತ್ರದಲ್ಲಿ ಸುತ್ತುತ್ತಿದ್ದಂತೆ ಅದರ ಮೇಲಿನ ಕಬ್ಬಿಣದ ಆಕ್ಸೈಡ್ ಪುಡಿ ಉದುರತೊಡಗಿತು. ಅವರು ನಿಲ್ಲಿಸದೆ ಧ್ವನಿಮುದ್ರಿಸಿಕೊಂಡರು. ಸೆಪ್ಟೆಂಬರ್ 11ರ ಸಂಜೆ ನ್ಯೂಯಾರ್ಕಿನ ಮನೆಯ ಮಾಳಿಗೆಯಿಂದ, ದಾಳಿಗೆ ಉರುಳಿದ ಅವಳಿ ಗೋಪುರಗಳ ಹೊಗೆಯನ್ನು ಚಿತ್ರೀಕರಿಸಿ, ಆಮೇಲೆ ಈ ಸಂಗೀತವನ್ನು ಅದಕ್ಕೆ ಜೋಡಿಸಿದರು. ನಾನು ಇದನ್ನು ಮೊದಲು ಕೇಳಿದ್ದು ಕಥೆ ಗೊತ್ತಿಲ್ಲದೆ. ಐದಾರು ಸೆಕೆಂಡಿನ ಹಿತ್ತಾಳೆ ವಾದ್ಯದಂಥ ಒಂದು ತುಣುಕು ಸುತ್ತುತ್ತಿತ್ತು. ಕಾಲು ಗಂಟೆ ಆದ ಮೇಲೆ ಅದರಲ್ಲಿ ಎಲ್ಲೋ ಒಂದು ಸಣ್ಣ ಬಿರುಕು ಕೇಳಿಸಿತು. ಹೆಡ್‌ಫೋನ್ ಕೆಟ್ಟಿತೆಂದು ತಂತಿ ಅಲ್ಲಾಡಿಸಿ ನೋಡಿದೆ. ಮುಂದಿನ ಸುತ್ತಿನಲ್ಲಿ ಬಿರುಕು ಅದೇ ಜಾಗದಲ್ಲಿತ್ತು, ತುಸು ಅಗಲವಾಗಿ. ಆಮೇಲೆ ಪ್ರತಿ ಸುತ್ತಿಗೂ ಆ ಜಾಗಕ್ಕೇ ಕಿವಿ ಹೋಗಿ ನಿಲ್ಲುತ್ತಿತ್ತು. ಒಂದು ಗಂಟೆ ದಾಟುವ ಹೊತ್ತಿಗೆ ಉಳಿದದ್ದು ಸ್ವರದ ನೆರಳು, ನಡುನಡುವೆ ಮೌನದ ತೂತುಗಳು. ಕಥೆ ಮೊದಲೇ ಗೊತ್ತಿದ್ದಿದ್ದರೆ ನಾನು ಬಿರುಕಿಗಾಗಿ ಕಾಯುತ್ತಾ ಕೂತಿರುತ್ತಿದ್ದೆ, ಅದನ್ನು ಕಂಡುಕೊಳ್ಳುತ್ತಿರಲಿಲ್ಲ.

ಆದ್ದರಿಂದ ಹೊಸ ಪ್ರಾಯೋಗಿಕ ಆಲ್ಬಂಗಳೆರಡರ ನಡುವೆ ಆರಿಸುವಾಗ ಒಂದು ಪರೀಕ್ಷೆ: ಬರಹ ಓದದೆ ಒಮ್ಮೆ ಕೇಳಿ. ಬರಹವಿಲ್ಲದೆಯೂ ನಿಮ್ಮನ್ನು ಹಿಡಿದಿಟ್ಟದ್ದು ಯಾವುದೋ ಅದನ್ನು ಮೊದಲು ಕೊಳ್ಳಿ. ಓದಿದ ಮೇಲಷ್ಟೇ ಸ್ವಾರಸ್ಯ ಹುಟ್ಟಿಸಿದ್ದು ಕೆಟ್ಟದ್ದೇನಲ್ಲ, ಅದು ಕಾಯಬಲ್ಲದು.

ಹೊಸದೋ, ಮರುಬಿಡುಗಡೆಯೋ

ಹೊಸ ಬಿಡುಗಡೆಗಳ ಪಟ್ಟಿಯಲ್ಲಿ ಎಷ್ಟೋ ಹಳೆಯವು ಇರುತ್ತವೆ, ಅವನ್ನು ಕಡೆಗಣಿಸಬೇಡಿ. 2023ರಲ್ಲಿ ಹೊರಬಂದ 'ದ ಎನ್‌ಐಡಿ ಟೇಪ್ಸ್' ಇದಕ್ಕೆ ದೊಡ್ಡ ಸಾಕ್ಷಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೋಗ್ ಸಿಂಥಸೈಜರಿನ ಸ್ಟುಡಿಯೊ ಸಿದ್ಧವಾಯಿತು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ್ ಜೋಶಿಪುರ 1972ರವರೆಗೆ ಅಲ್ಲಿ ಮಾಡಿದ ಪ್ರಯೋಗಗಳ ಟೇಪುಗಳು ಅರ್ಧ ಶತಮಾನ ಸದ್ದಿಲ್ಲದೆ ಇದ್ದವು. ಕೇಳುವಾಗ ಕೆಲವು ತುಣುಕು ಅಭ್ಯಾಸದಂತೆ ಒರಟಾಗಿವೆ. ಆದರೂ ಮೊದಲ ಸಲ ಒಂದು ಯಂತ್ರದ ಮುಂದೆ ಕೂತವರು ಅದರಿಂದ ಏನೇನು ಹೊರಡುತ್ತದೆಂದು ತಡಕಾಡುವುದು ಆ ಟೇಪಿನಲ್ಲಿ ಹಸಿಹಸಿಯಾಗಿ ಉಳಿದಿದೆ.

ಮರುಬಿಡುಗಡೆಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಯಾವ ಆವೃತ್ತಿ ಎಂಬುದು. ಹಿರೋಶಿ ಯೋಶಿಮುರಾ ಅವರ 'ಗ್ರೀನ್' (1986) ಅಮೆರಿಕದಲ್ಲಿ ಹೊರಬಂದಾಗ ಅದಕ್ಕೆ ನೀರು, ಹಕ್ಕಿಗಳಂಥ ಪ್ರಕೃತಿಯ ಸದ್ದುಗಳನ್ನು ಬೆರೆಸಲಾಗಿತ್ತು. 2020ರ ಮರುಬಿಡುಗಡೆ ಯೋಶಿಮುರಾ ಅವರಿಗೆ ಮೆಚ್ಚಿಗೆಯಾದ, ಸದ್ದು ಬೆರೆಸದ ಮೂಲ ರೂಪವನ್ನು ಮರಳಿ ತಂದಿತು. ಎರಡನ್ನೂ ಕೇಳಿದ್ದೇನೆ. ಬೆರೆಸಿದ್ದು ಕೂಡಲೇ ಹಿತವೆನಿಸುತ್ತದೆ, ಮೂಲದ್ದು ಜಾಗ ಬಿಡುತ್ತದೆ. ನಿಮ್ಮ ಕಿಟಕಿಯ ಹಕ್ಕಿ ಆ ಜಾಗಕ್ಕೆ ತಾನೇ ಬಂದು ಕೂತುಕೊಳ್ಳಬಹುದು. ಮೂಲವನ್ನೇ ಆರಿಸಿ.

ಏಫೆಕ್ಸ್ ಟ್ವಿನ್‌ನ 'ಸೆಲೆಕ್ಟೆಡ್ ಆಂಬಿಯೆಂಟ್ ವರ್ಕ್ಸ್ ವಾಲ್ಯೂಮ್ 2' (1994) ಕಥೆಯೂ ಹೀಗೇ. 'ಸ್ಟೋನ್ ಇನ್ ಫೋಕಸ್' ಎಂದು ಪ್ರಸಿದ್ಧವಾದ ಟ್ರ್ಯಾಕ್ ಎಲ್‌ಪಿಯಲ್ಲಿತ್ತು, ಸಿಡಿಯಲ್ಲಿರಲಿಲ್ಲ. 2024ರ ವಿಸ್ತೃತ ಆವೃತ್ತಿಯಲ್ಲಿ ಅದಿದೆ. ಹಳೆಯ ಸಿಡಿ ಇಟ್ಟುಕೊಂಡವರಿಗೂ ಹೊಸದನ್ನು ಕೊಳ್ಳಲು ಇದೊಂದು ಸಕಾರಣ.

ಯಾವ ರೂಪದಲ್ಲಿ ಕೊಳ್ಳುವುದು

ಎಲ್‌ಪಿಯ ಒಂದು ಬದಿಯಲ್ಲಿ ಚೆನ್ನಾಗಿ ಹಿಡಿಯುವುದು ಸುಮಾರು 20ರಿಂದ 22 ನಿಮಿಷ. ಅದಕ್ಕಿಂತ ಹೆಚ್ಚು ತುಂಬಿದರೆ ಧ್ವನಿಮಟ್ಟ ಇಳಿಸಬೇಕಾಗುತ್ತದೆ, ಆಗ ಚಟಪಟ ಸದ್ದು ಮೇಲೆ ಬರುತ್ತದೆ. ಗಟ್ಟಿ ಬೀಟಿನ ಸಂಗೀತದಲ್ಲಿ ಅದು ಮುಚ್ಚಿಹೋಗುತ್ತದೆ, ಸಣ್ಣ ದನಿಯ ಆಂಬಿಯೆಂಟ್‌ನಲ್ಲಿ ಎದ್ದು ಕೇಳುತ್ತದೆ. ನಲವತ್ತು ನಿಮಿಷದ ಒಂದೇ ಡ್ರೋನ್ ಇದ್ದ ಎಲ್‌ಪಿಯನ್ನು ನಾನೊಮ್ಮೆ ಆಸೆಪಟ್ಟು ತರಿಸಿದೆ. ಸ್ವರ ಮೆಲ್ಲಗೆ ಮೇಲೇರುತ್ತಾ ಇನ್ನೇನು ತುದಿ ಮುಟ್ಟಬೇಕು, ಅಲ್ಲೇ ಕುಗ್ಗಿಸಿ ಬದಿ ಮುಗಿಸಿದ್ದರು. ಎದ್ದು ತಿರುವಿ ಹಾಕಿದರೆ ಮತ್ತೆ ಕೆಳಗಿನಿಂದ ಏರಿಕೆ. ಅಂದಿನಿಂದ ಉದ್ದದ ಕೃತಿಗಳನ್ನು ಫೈಲ್ ರೂಪದಲ್ಲೋ ಸಿಡಿಯಲ್ಲೋ ಕೊಳ್ಳುತ್ತೇನೆ. ಚಿಕ್ಕ ಚಿಕ್ಕ ಟ್ರ್ಯಾಕ್‌ಗಳ ಆಲ್ಬಂ ಆದರೆ ಎಲ್‌ಪಿ ಖುಷಿಯೇ ಬೇರೆ. ಕ್ಯಾಸೆಟ್ಟಿನ ಹಿಸ್ ಕೆಲವು ಸಂಗೀತಕ್ಕೆ ಒಗ್ಗುತ್ತದೆ, ನಿಶ್ಶಬ್ದವನ್ನೇ ನಂಬಿದ ಸಂಗೀತಕ್ಕೆ ಒಗ್ಗದು.

ಸ್ಟ್ರೀಮಿಂಗ್ ಎಂಬುದು ಆಲ್ಬಮ್ಮಿನ ರುಚಿ ನೋಡಲು ಒಳ್ಳೆಯದು, ಉಳಿಸಿಕೊಳ್ಳಲು ಅಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಸಂಭಾವನೆಯ ಲೆಕ್ಕಕ್ಕೆ ಒಂದು ಎಣಿಕೆ. ಟ್ರ್ಯಾಕ್ ಎರಡು ನಿಮಿಷದ್ದಾದರೂ ಒಂದು ಗಂಟೆಯದಾದರೂ ಎಣಿಕೆ ಒಂದೇ. 2024ರಿಂದ ವರ್ಷಕ್ಕೆ 1000 ಎಣಿಕೆ ಮುಟ್ಟದ ಟ್ರ್ಯಾಕ್‌ಗೆ ಅಲ್ಲಿ ಸಂಭಾವನೆಯೇ ಇಲ್ಲ. ಗಂಟೆಯುದ್ದದ ಕೃತಿ ಬರೆಯುವವರಿಗೆ ಇದಕ್ಕಿಂತ ಹೊಂದದ ಲೆಕ್ಕ ಇನ್ನೊಂದಿಲ್ಲ. ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15 ಇಟ್ಟುಕೊಳ್ಳುತ್ತದೆ, ಗುಣಮಟ್ಟ ಕುಗ್ಗದ ಫ್ಲ್ಯಾಕ್ ಫೈಲ್ ಕೊಡುತ್ತದೆ. ಒಂದು ಆಲ್ಬಂ ಮನಸ್ಸಿಗೆ ಹತ್ತಿತೆಂದರೆ ಅಲ್ಲಿ ಕೊಳ್ಳಿ ಎಂಬುದು ನನ್ನ ಕಳಕಳಿಯ ಮನವಿ. ಈ ಸಂಗೀತ ಮಾಡುವವರಲ್ಲಿ ಬಹಳ ಮಂದಿಗೆ ಮುಂದಿನ ಆಲ್ಬಂ ಬರುವುದೂ ಬಾರದಿರುವುದೂ ಹೀಗೆ ಕೊಳ್ಳುವ ಕೆಲವು ನೂರು ಜನರ ಕೈಯಲ್ಲಿದೆ.

ಸ್ಟ್ರೀಮಿಂಗ್‌ನಲ್ಲೇ ಕೇಳುವುದಾದರೆ ಕ್ರಾಸ್‌ಫೇಡ್ (ಒಂದು ಟ್ರ್ಯಾಕಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವುದು) ಆಫ್ ಮಾಡಿ, ಷಫಲ್ (ಕ್ರಮ ಕಲಸುವುದು) ಆಫ್ ಮಾಡಿ, ಧ್ವನಿಮಟ್ಟ ಸಮಗೊಳಿಸುವ ಆಯ್ಕೆಯನ್ನೂ ಆಫ್ ಮಾಡಿ. ಪಿಸುಗುಡಬೇಕಾದ ಟ್ರ್ಯಾಕನ್ನು ಅದು ಎಳೆದು ಮೇಲೆ ತರುತ್ತದೆ.

ಮಾದರಿ ನೋಡುವ ಬಗೆ

ಮೊಬೈಲಿನ ಸ್ಪೀಕರಿನಲ್ಲಿ ನೋಡಬೇಡಿ. ಅದರಲ್ಲಿ ಮಂದ್ರವೇ ಇರುವುದಿಲ್ಲ, ಡ್ರೋನ್ ಆಲ್ಬಮ್ಮಿನ ಅರ್ಧ ಕೃತಿ ನಿಮಗೆ ಮುಟ್ಟಿರುವುದೇ ಇಲ್ಲ. ಟ್ರ್ಯಾಕ್ ತೆರೆದು ಮೊದಲ ನಿಮಿಷ ಬಿಟ್ಟು ನಡುವಿನ ನಾಲ್ಕು ನಿಮಿಷ ಕೇಳಿ, ಆಮೇಲೆ ಕೊನೆಯ ಒಂದು ನಿಮಿಷ. ನಡುವೆ ಇದ್ದದ್ದು ಕೊನೆಗೆ ಬೇರೆಯಾಗಿದ್ದರೆ, ಹೇಗೆ ಬೇರೆಯಾಯಿತು ಎಂಬ ಕುತೂಹಲ ನಿಮ್ಮಲ್ಲಿ ಹುಟ್ಟಿದರೆ, ಪೂರ್ತಿ ಕೇಳಿ. ಆಲ್ಬಮ್ಮಿನ ಜೊತೆಗಿನ ವಿವರಗಳನ್ನೂ ನೋಡಿ: ಎಲ್ಲಿ ಮುದ್ರಿಸಿದರು, ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ತಿದ್ದುವಿಕೆ) ಯಾರದು. ರಶಾದ್ ಬೆಕರ್, ಸ್ಟೆಫಾನ್ ಮಾಥ್ಯೂ ಅಂಥ ಹೆಸರು ಕಂಡರೆ, ಸ್ವತಃ ಇಂಥ ಸಂಗೀತ ಮಾಡುವವರ ಕಿವಿಯಿಂದ ಅದು ಹಾದುಬಂದಿದೆ ಎಂದರ್ಥ. ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂಬ ಒಂದು ಸಾಲೂ ಇಲ್ಲದ, ವಾರಕ್ಕೊಂದರಂತೆ ಬರುವ ಆಲ್ಬಂಗಳನ್ನು ನಾನು ಮುಟ್ಟುವುದಿಲ್ಲ.

ಇಷ್ಟೆಲ್ಲ ಹೋಲಿಸಿಯೂ ತೀರ್ಮಾನವಾಗದೆ, ಇವತ್ತು ರಾತ್ರಿಗೆ ಒಂದೇ ಒಂದು ಹೇಳಿ ಅಂದರೆ, ಜಪಾನಿನ ಸಂಗೀತಗಾರ ರ್ಯೂಇಚಿ ಸಕಮೊಟೊ ಅವರ '12' ಅನ್ನುತ್ತೇನೆ. ಕ್ಯಾನ್ಸರ್ ಚಿಕಿತ್ಸೆಯ ದಿನಗಳಲ್ಲಿ ದಿನಚರಿಯಂತೆ ಮುದ್ರಿಸಿಕೊಂಡ ಹನ್ನೆರಡು ತುಣುಕುಗಳು, ಟ್ರ್ಯಾಕ್‌ಗಳ ಹೆಸರು ಬಹುಮಟ್ಟಿಗೆ ಬರಿಯ ತಾರೀಖು. ಅವರ 71ನೇ ಹುಟ್ಟುಹಬ್ಬದ ದಿನ, 2023ರ ಜನವರಿ 17ರಂದು ಬಿಡುಗಡೆಯಾಯಿತು. ಮಾರ್ಚ್ 28ಕ್ಕೆ ಅವರು ತೀರಿಕೊಂಡರು. ಉದ್ದ ಒಂದು ಗಂಟೆ, ಬಿಗಿಯಾದ ವಿಚಾರವಿಲ್ಲ, ಬೀಟ್ ಇಲ್ಲ. ಇದು ಕೇಳುವುದು ನಿಶ್ಶಬ್ದವಾದ ಕೋಣೆಯನ್ನು ಮಾತ್ರ. ಪಿಯಾನೊದ ಎರಡು ಸ್ವರಗಳ ನಡುವೆ ಅವರು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ತುಸು ಕಷ್ಟದ ಉಸಿರು. ಹೆಡ್‌ಫೋನ್ ಹಾಕಿಕೊಂಡರೆ ಆ ಉಸಿರು ನಿಮ್ಮ ಹೆಗಲ ಪಕ್ಕದಲ್ಲೇ ಇರುತ್ತದೆ.